ಕರ್ತೃಪದ

ಪುಟಕ್ಕೆ ಹದಿನೈದು ರೂಪಾಯಿ.
ಕಲಬುರಗಿ ವಿಶ್ವವಿದ್ಯಾಲಯದ ಗೇಟಿನೆದುರು, ಜೆರಾಕ್ಸ್ ಅಂಗಡಿಯೊಳಗೆ
ಜಗದೇವಿಯ ಬೆರಳು ನಿಂತಿತು
ನನ್ನ ಮೂರನೇ ಅಧ್ಯಾಯದಲ್ಲಿ:
‘ದಾಲ್‌ಮಿಲ್ಲುಗಳಲ್ಲಿ ತೊಗರಿಯನ್ನು ಸ್ವಚ್ಛಗೊಳಿಸುವ ಪ್ರಕ್ರಿಯೆಯು
ನಡೆಸಲ್ಪಡುತ್ತಿರುವುದು ಕಂಡುಬರುತ್ತದೆ.’

‘ಯಾರಿಗಿ ಕಂಡುಬರ್ತದ್ರಿ ಸರ?’
ನಕ್ಕೆ. ಆಕೆ ನಗಲಿಲ್ಲ.
‘ಸ್ವಚ್ಛ ಮಾಡೋರು ಯಾರು?’

ಇದು ಸಂಶೋಧನೆಯ ಶೈಲಿ, ಅಂದೆ.
ಫ್ಯಾನಿನ ಗಾಳಿಗೆ ಕರಡಿನ ಹಾಳೆಗಳು
ಏಳುತ್ತ, ಕೂರುತ್ತ.

‘ನಮ್ಮವ್ವ ಹತ್ತೊಂಬತ್ತು ವರ್ಷ ಆರಿಸ್ಯಾಳ.
ಕೆಮ್ಮಿದರ ಇನ್ನಾ ಅದೇ ಧೂಳ.
ಈ ಸಾಲಿನಾಗ ಆಕಿ ಎಲ್ಲಿ ಕುಂತಾಳ, ತೋರಸ್ರಿ.’

ಹುಡುಕಿದೆ. ಗೈಡ್ ಮೆಚ್ಚಿದ ಸಾಲು;
ಒಂದು ಮೊರ ಇಡುವಷ್ಟೂ ಜಾಗವಿರಲಿಲ್ಲ.

ಅಳಿಸ್ರಿ, ಅಂದೆ.
ಹೆಂಗಸರು ತೊಗರಿ ಆರಿಸುತ್ತಾರೆ. ಕೆಮ್ಮುತ್ತಾರೆ.

ಜಗದೇವಿ ಹೊಡೆದಳು, ಚುಕ್ಕಿಯನ್ನು ತುಸು ಜೋರಾಗಿ:
‘ಹೀಂಗ ಬರದ್ರ ನನಗ ಪುಟ ಕಮ್ಮಿ ಬೀಳ್ತಾವ.’