ಪಾಸಿಂಗ್

ಅಕ್ಷರಕ್ಕ ಎಂಟು ರೂಪಾಯಿ ನನ್ನ ದರ.
ಒತ್ತಕ್ಷರಕ್ಕ ಬ್ಯಾರೆ ರೊಕ್ಕ ಕೇಳೂದಿಲ್ಲ,
ಇಂಗ್ಲೀಷಿಗಂತೂ ಒತ್ತೇ ಇಲ್ಲ.
ಇಂಗ್ಲೀಷು ನನಗ ಓದಾಕ ಬರೂದಿಲ್ಲ,
ಬರಿಯಾಕ ಬರತೈತಿ,
ನೋಡಿ ಇಳಸೂದು, ರಂಗೋಲಿ ಇಳಸಿಧಂಗ.

ಫೋಂಡಾಕ್ಕ ಬಂದು ಹದಿನಾಕು ವರ್ಷ ಆತು.
ಮಳಿಗಾಲ ಹತ್ರ ಬಂತಂದ್ರ ಬಸ್ಸಿನವರೆಲ್ಲ
ನನ್ನ ಹುಡಕ್ಕೊಂಡು ಬರತಾರ:
ಪಾಸಿಂಗ್ ಐತಿ ಪೇಂಟರಾ, ಲಗೂ ಬಾ.
ಪಾಸಿಂಗ್ ಅಂದ್ರ ಸರಕಾರದ ಪರೀಕ್ಷಾ,
ಹುಡುಗರಿಗೆ ಮಾರ್ಚಿನಾಗ, ಬಸ್ಸಿಗೆ ಮೇದಾಗ.

ಕೈತಾನನ ಬಸ್ಸಿನ ಹೆಸರು ಸಾಯಬಿಣ.
ನೀಲಿ ನೆರಳು ಕೊಟ್ಟು ಬರದಾಂವ ನಾನ.
ಫೋಂಡಾ, ಮಾರ್ದೋಳ, ಕುಂಡೈ, ಪಣಜಿ.
ಮೂವತ್ತೆರಡು ಸೀಟು ಅಂತ ಬಾಗಲದ ಮ್ಯಾಲ ಬರದೀನಿ.
ಮುಂಜಾನೆ ಫ್ಯಾಕ್ಟರಿ ಹೆಣ್ಮಕ್ಕಳು ಹತ್ತಿದ್ರ
ಆ ಅಂಕಿ ತನ್ನಷ್ಟಕ್ಕ ತಾನ ನಗತೈತಿ.

ಹಿಂದಿನ ದಿನ ಸಂಜಿಕ ಕುರ್ಟಿ ಗ್ಯಾರೇಜಿನಿಂದ
ಟೈರು ಬಂದುವು ಬಾಡಿಗಿಗೆ, ಆರು,
ಪಾಸಿಂಗಿಗೆ ಬಾಸಿಂಗ ಕಟ್ಟಿಧಂಗ.
ಬೆಂಕಿ ಆರಿಸೂ ಕೆಂಪು ಸಿಲಿಂಡರು ಅವನ ಭಾವನ ಬಸ್ಸಿಂದು.
ಔಷಧ ಪೆಟ್ಟಿಗಿ ತಗದು ನೋಡಿದ್ರ
ಒಣಗಿದ ಟಿಂಚರು, ಎರಡು ಲಾಟರಿ ಚೀಟಿ, ಒಂದು ಶಿಲುಬಿ ಸರ.
ಸರ ಅಲ್ಲೇ ಬಿಟ್ಟ. ಲಾಟರಿ ಕಿಸೆದಾಗ ಇಟಗೊಂಡ.

ಹಿಂದ ಕೆಂಪು ಪಟ್ಟಿ, ಮುಂದ ಬಿಳಿ, ಮಗ್ಗಲಕ ಹಳದಿ,
ಹಚ್ಚೂದರಾಗ ಕತ್ತಲಾತು.
ಕಡೀಕ ಉಳದದ್ದು ಸಂಕಟದ ಬಾಗಲ.
ಇಂಗ್ಲೀಷಿನಾಗ ಹದಿಮೂರು ಅಕ್ಷರ.
ಅದೊಂದು ಮಾತ್ರ ನಾ ನೋಡದನ ಬರಿತೀನಿ.

ಬರಿಯೂ ಮುಂದ ಕೈ ಊರಿದೆ. ಅಲಗಾಡಲಿಲ್ಲ.
ಒಳಗ ಹತ್ತಿ ನೋಡಿದೆ:
ಬಾಗಲಕ್ಕ ಅಡ್ಡ ಇಬ್ಬರ ಸೀಟು, ಬೋಲ್ಟ್ ಹಾಕಿ ಬಿಗದಾರ,
ಹಿಡಿಕಿ ಇದ್ದಲ್ಲಿ ವೆಲ್ಡಿಂಗಿನ ಗಂಟು,
ಹುಣ್ಣು ಮಾಯ್ದ ಕಲಿಯಂಗ.
ಕೈತಾನ, ಇದು ತೆರಿಯೂದಿಲ್ಲಲ್ಲೋ, ಅಂದೆ.
ಹನ್ನೆರಡು ವರ್ಷ ಯಾರೂ ತೆರದಿಲ್ಲ, ನೀ ಬರಿ, ಅಂದ,
ಅವರು ಓದತಾರ ಅಷ್ಟ.

ಬರದೆ.
ಕೆಂಪು ಬಣ್ಣ, ಗೇಣುದ್ದದ ಅಕ್ಷರ.
ಕುಂಚ ನಡಗತು ಅಂದ್ರ ಸುಳ್ಳಾದೀತು.
ನೀಟಾಗೇ ಬರದೆ. ನೂರಾ ನಾಕು ರೂಪಾಯಿ.

ಮುಂಜಾನೆ ಮೈದಾನದಾಗ ಬಸ್ಸಿನ ಸಾಲು.
ವೇಳಿಪ ಮೇಡಂ ಬಂದ್ಲು, ಕೈಯಾಗ ಪ್ಯಾಡು, ಕಾಲಾಗ ರಬ್ಬರ್ ಚಪ್ಪಲಿ.
ಹಾರ್ನ್ ಹೊಡಿಸಿದ್ಲು, ವೈಪರ್ ಆಡಿಸಿದ್ಲು,
ಟೈರಿನ ಗೆರಿಯಾಗ ನಾಣ್ಯ ತುರುಕಿ ನೋಡಿ
ತಲಿ ಹಾಕಿದ್ಲು.
ಹಿಂದ ಬಂದು ನನ್ನ ಅಕ್ಷರ ಮುಟ್ಟಿದ್ಲು.
ಬೆರಳಿಗೆ ಕೆಂಪು ಹತ್ತಿತು.
ಇನ್ನೂ ಹಸಿ ಐತಿ. ಬರದಾಂವ ಯಾರು?
ನಾನ್ರಿ ಅಂದೆ.
ಹಂಗಾರ ನೀನ ತೆರಿ.

ತೆರೀಲಿಲ್ಲ ಅನ್ನೂದು ನಿಮಗ ಗೊತ್ತೈತಿ.
ನನಗೂ ಗೊತ್ತಿತ್ತು.
ಆದ್ರೂ ಜಗ್ಗಿದೆ, ಎಲ್ಲಾರ ಮುಂದ,
ಹೆಗಲು ಕೊಟ್ಟು ದೂಡಿದೆ, ಏನೂ ಅರೀದವನಂಗ,
ಅಂಗಿ ತುಂಬ ನನ್ನವ ಅಕ್ಷರ, ತಿರುಗಾಮುರುಗಾ.
ಆಕಿ ಪ್ಯಾಡಿನ ಮ್ಯಾಲ ಒಂದ ಗೀರು ಎಳದ್ಲು.

ಎಂಟು ದಿನಕ್ಕ ಸೀಟು ಬಿಚ್ಚಿದ್ರು, ವೆಲ್ಡಿಂಗ್ ಕಡದ್ರು.
ಬಾಗಲ ತೆರದಾಗ ಸಂದಿಯಾಗಿಂದ ಉದುರಿದ್ದು
ಒಂದು ಹಣಿಗಿ, ಹುಣಸಿ ಬೀಜ, ಈಗ ನಡೀದ ನಾಕಾಣೆ,
ಕೂಸಿನ ಒಂಟಿ ಚಪ್ಪಲಿ.
ಗಾಳಿ ಆಮ್ಯಾಲ ಬಂತು.
ತಾರೀಕು ಬರಿ ಅಂದ ಕೈತಾನ, ಮುಖ ಆಕಡೆ ಮಾಡಿ.
ಮುಂದಿನ ವರ್ಷದ ತಾರೀಕು, ಎಡಮಗ್ಗಲಕ, ಬಿಳಿ ಬಣ್ಣ.
ಅಂಕಿಗೆ ರೊಕ್ಕ ಕೊಡಲಿಲ್ಲ.
ಹದಿಮೂರು ಅಕ್ಷರದ್ದೂ ಬಾಕಿ.

ಟೈರು ಮಾತ್ರ ಅವತ್ತ ಸಂಜಿಕ ಕುರ್ಟಿಗೆ ಹೋದುವು.
ನೋಡಿದೆ. ಟೈರಿನ ಮ್ಯಾಲ ನಾ ಏನೂ ಬರದಿಲ್ಲ,
ಹಂಗಂತ ಸುಮ್ಮನಾದೆ.
ಮರುದಿನ ಕೆಲಸಕ್ಕ ಅದ ಬಸ್ಸಿನಾಗ ಹೋದೆ,
ಹಿಂದ, ಆ ಬಾಗಲದ ಮಗ್ಗಲ ನಿಂತು,
ಹಿಡಿಕಿ ಮ್ಯಾಲ ಕೈ ಇಟಗೊಂಡು,
ಇಳಿಜಾರಿನಾಗ ಬ್ರೇಕು ಬಿದ್ದಾಗೆಲ್ಲ
ಕೆಳಗ ಬೋಳು ರಬ್ಬರು ಏನಂತೈತಿ ಕೇಳಕೋತ.