ಮರುವಾಯಿ

ಮುಸೋಡಿಯಲ್ಲಿ ತೆರೆ ಹಿಂದೆ ಸರಿದ ಕೂಡಲೆ
ಗುಲಾಬಿಯಕ್ಕ ಹಿಮ್ಮಡಿಯೂರಿ ತಿರುಗುತ್ತಾಳೆ
ಬೀಸುಕಲ್ಲಿನ ಹಾಗೆ.
ಹಸಿ ಹೊಯಿಗೆ ಕಲಕಿ ಸಡಿಲಾಗುತ್ತದೆ.
ಕೈಗಿಂತ ಮೊದಲು ಕಾಲಿಗೇ ತಿಳಿಯುತ್ತದೆ:
ಇದು ಕಲ್ಲು, ಇದು ಮರುವಾಯಿ.

"ಬೇಗ ಮಾರಾಯ, ಅದಕ್ಕೂ ಒಂದು ಕಾಲುಂಟು,
ನೀನು ನಾಲಗೆ ಅಂದುಕೊಂಡದ್ದೇ ಕಾಲು.
ಇನ್ನೊಂದು ತೆರೆ ಬಂತೋ
ಇಳಿದೇ ಹೋಯಿತು ಪಾತಾಳಕ್ಕೆ."

ಪೈಂಟಿನ ಹಳೇ ಬಕೆಟ್ಟಿನಲ್ಲಿ ಕಟಕಟ ಸದ್ದು.
ಒಂದೊಂದರ ಬೆನ್ನಿನ ಗೀರೂ ಬೇರೆ,
ಒಳಗೆ ನೇರಳೆ ಹಣ್ಣು ತಿಂದ ಬಾಯಿ.

ನಾನೂ ಕೈ ಹಾಕಿದೆ.
ಸಿಕ್ಕಿದ್ದು ಒಂದು ಹಂಚಿನ ಚೂರು.
ಅಚ್ಚಿನಲ್ಲಿ "ಮಂಗಳ" ಎಂದಷ್ಟೇ ಉಳಿದಿದೆ,
ಊರು ಕಡಲಲ್ಲಿ.
ತಮಾಷೆ ಮಾಡಿ ತೋರಿಸಿದೆ.
ಗುಲಾಬಿಯಕ್ಕ ನಗಲಿಲ್ಲ.
ಸೆರಗಿನಲ್ಲಿ ಒರೆಸಿ ಬಕೆಟ್ಟಿಗೆ ಹಾಕಿಕೊಂಡಳು.
ಹೋದ ವರ್ಷ ಹೋದ ಮನೆಯದೇ ಇರಬಹುದು.
ಕೇಳಲಿಲ್ಲ.

ರಾತ್ರಿಯಿಡೀ ಬೋಗುಣಿಯ ಉಪ್ಪುನೀರಲ್ಲಿ
ಅವು ಬಾಯಿಬಿಟ್ಟು ಹೊಯಿಗೆ ಉಗುಳಿದವು.
ಬೆಳಿಗ್ಗೆ ತಳದಲ್ಲಿ
ಒಂದು ಚಮಚದಷ್ಟು ತೀರ.
ಅದನ್ನು ಅವಳು ಅಂಗಳಕ್ಕೆ ಚೆಲ್ಲಲಿಲ್ಲ,
ಬಾಡಿಗೆ ಮನೆ ಸುತ್ತಿ ಹೋಗಿ
ಕಡಲ ಕಡೆಯ ಗೋಡೆಯ ಬುಡಕ್ಕೆ ಸುರಿದು
ಕಾಲಿನಿಂದ ಒತ್ತಿ ಬಂದಳು.

ಆಮೇಲೆ ತೆಂಗಿನಕಾಯಿ, ಮೆಣಸು, ಪುಂಡಿ,
ಹಬೆಯಲ್ಲಿ ಅಡುಗೆಮನೆಯೇ ಕಾಣದಷ್ಟು.
ಚಿಪ್ಪು ಹೀರುವಾಗ ನನ್ನ ಹಲ್ಲಿಗೊಂದು ಕಣ
ಕರಕ್ ಎಂದಿತು.
ಎದುರು ಕೂತವಳು ತಲೆಯೆತ್ತಿದಳು.

ನುಂಗಿದೆ.
ಇನ್ನೆರಡು ಪುಂಡಿ ಹಾಕಿದಳು.