ಮೂರು ಡಿಗ್ರಿ

ಏಪ್ರಿಲ್ಲಿನಲ್ಲಿ ಹಾಸನದೊಳಗೆ ಚಳಿ ಬೇಕೆಂದರೆ
ಇರುವುದೊಂದೇ ಜಾಗ:
ಬಿತ್ತನೆ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜು, ನಾಲ್ಕನೇ ಚೇಂಬರು.
ಹೊರಗೆ ಟಾರು ಚಪ್ಪಲಿಗಂಟುವ ಬಿಸಿಲು,
ಒಳಗೆ ಮೂರು ಡಿಗ್ರಿ.
ಹದಿನೇಳು ವರ್ಷದಿಂದ ಇಲ್ಲಿ ಮೂಟೆ ಎಣಿಸುತ್ತೇನೆ,
ಮಲಗಿದ್ದು ಮಾತ್ರ ಈ ವಾರ.

ಎರಡು ಟೆಂಟು ತರಿಸಿದ್ದೇನೆ, ಸೋಮವಾರದೊಳಗೆ
ಒಂದನ್ನು ವಾಪಸು ಕಳಿಸಬೇಕು.
ಹಸಿರಿನದು ಒಂದೇ ಪದರ, ಒಂದು ಕಿಲೋ ನೂರು ಗ್ರಾಂ.
ಕಿತ್ತಳೆಯದು ಎರಡು ಪದರ, ಎರಡು ಕಿಲೋ ಮುನ್ನೂರು.
ನಮ್ಮ ತಕ್ಕಡಿ ಕ್ವಿಂಟಲಿನದು, ಇವು ಅದರ ಕಣ್ಣಿಗೆ ಬೀಳಲಿಲ್ಲ;
ಕಟ್ಟಿನಕೆರೆ ಮಾರ್ಕೆಟ್ಟಿನ ಬೆಳ್ಳುಳ್ಳಿಯವನ ಹತ್ತಿರ ತೂಗಿಸಿದೆ.
"ಏನಕ್ಕ ಇದು, ಪ್ಯಾರಾಚೂಟಾ?" ಎಂದ.

ಬರುವ ಜನವರಿಗೆ ಸ್ಪಿತಿ. ನಾನೊಬ್ಬಳೇ.
ಕಂಪ್ರೆಸರ್ ನೋಡುವ ಶೆಟ್ಟಿಹಳ್ಳಿಯ ಚೌರಪ್ಪ ಮಾತ್ರ
ಯಾಕೆ ಎನ್ನಲಿಲ್ಲ.
"ಇಬ್ಬರದ್ದು ತಗೊಳ್ಳಿ ಮೇಡಂ, ಸಾಮಾನಿಗಾದ್ರೂ ಆಗುತ್ತೆ"
ಎಂದ ಅಷ್ಟೆ.
ಇಬ್ಬರದನ್ನು ಬೆಚ್ಚಗಿಡಲು ಇಬ್ಬರು ಬೇಕು ಚೌರಪ್ಪ.
ಖಾಲಿ ಜಾಗ ಸುಮ್ಮನಿರುವುದಿಲ್ಲ,
ಅರ್ಧ ತುಂಬಿದ ಚೇಂಬರಿನ ಕರೆಂಟು ಬಿಲ್ಲು ನೋಡಿ
ಬೈದುಕೊಂಡವನು ನೀನೇ ಅಲ್ಲವೆ.

ಮೊದಲ ರಾತ್ರಿ ಹಸಿರು.
ಕಾಂಕ್ರೀಟಿಗೆ ಗೂಟ ಇಳಿಯದು, ಗೂಟವಿಲ್ಲದೆ ಅದು ನಿಲ್ಲದು.
ಜಲಂಧರದ ಮೂಟೆಗಳ ನಡುವೆ
ಕಳಚಿದ ಲಂಗದ ಹಾಗೆ ಬಿದ್ದುಕೊಂಡಿತು.
ದ್ಯಾವಮ್ಮ ಮೂಟೆ ಉರುಳಿಸಿ ತಂದು
ನಾಲ್ಕು ಮೂಲೆಗೂ ಹಗ್ಗ ಬಿಗಿದಳು, ಎಮ್ಮೆ ಕಟ್ಟುವ ಗಂಟು.
"ಅಲ್ಲಿ ನಿಮಗೆ ಮೂಟೆ ಯಾರು ಕೊಡ್ತಾರೆ?"
ಚೀಲಕ್ಕೆ ಹಿಮವನ್ನೇ ತುಂಬಿ ಹೂಳಬೇಕು ದ್ಯಾವಮ್ಮ,
ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದಂತೆ.
"ಮತ್ತೆ ಕೀಳೋದು ಹೆಂಗೆ?"
ಅದನ್ನು ನಾನು ಯೋಚಿಸಿರಲಿಲ್ಲ.

ಗಾಳಿಗೆಂದು ಚೌರಪ್ಪ ಫ್ಯಾನನ್ನು ಪೂರ್ತಿ ಬಿಟ್ಟ.
ಬಟ್ಟೆ ರಾತ್ರಿಯಿಡೀ ಪಟಪಟ, ಜಗಳದ ಮನೆ.
ಜಿಪ್ಪನ್ನು ಗಂಟಲವರೆಗೂ ಎಳೆದಿದ್ದೆ.
ಮೂರು ಗಂಟೆಗೆ ಮೂಗಿನ ಮೇಲೊಂದು ಹನಿ.
ಟಾರ್ಚು ಹಾಕಿದರೆ ಒಳಗೋಡೆಯ ತುಂಬ ನೀರು,
ನಾನು ಬಿಟ್ಟದ್ದೇ, ನನ್ನ ಮೇಲೇ ಉದುರುತ್ತಿದೆ.
ಅಲ್ಲಾದರೆ ಪುಡಿ ಹಿಮವಾಗಿ ಉದುರೀತು.

ಬೆಳಿಗ್ಗೆ ಕೊಳೆತದ್ದು ಆರಿಸುತ್ತ ದ್ಯಾವಮ್ಮ
ಒಂದನ್ನು ಹೋಳು ಮಾಡಿ ತೋರಿಸಿದಳು.
ಹೊರಗೆ ನುಣುಪು, ಮಚ್ಚೆಯೂ ಇಲ್ಲ.
ನಟ್ಟ ನಡುವೆ ಮಸಿ.
"ಉಸಿರು ಕಟ್ಟಿದ್ರೆ ಹಿಂಗೆ.
ಅಮಾಸೆ ರಜ ಅಂತ ಬಾಗ್ಲು ತೆಗೀದೆ ಹೋದ್ರಲ್ಲ, ಅದೇ ಇದು."
ಹದಿನೇಳು ವರ್ಷದ ಲೆಡ್ಜರು.
ಉಸಿರಿಗೆ ಅದರಲ್ಲಿ ಕಾಲಂ ಇಲ್ಲ.

ಎರಡನೇ ರಾತ್ರಿ ಕಿತ್ತಳೆ.
ಎರಡು ಕಡ್ಡಿ ಅಡ್ಡಡ್ಡ ಬಾಗಿ
ಮಕ್ಕರಿ ಬೋರಲು ಹಾಕಿದಂತೆ ತನ್ನಷ್ಟಕ್ಕೆ ನಿಂತಿತು.
ದಪ್ಪ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲು ಚಾಚಿದೆ,
ಗೋಡೆಗೆ ತಾಗಲಿಲ್ಲ.
ಎದ್ದು ಕೂತರೆ ನೆತ್ತಿ ತಾಗುತ್ತದೆ, ಸ್ವಲ್ಪ.
ಬಾಗಿಲ ಮುಂದೆ ಬೂಟು, ಒಲೆ ಹಿಡಿಯುವಷ್ಟು ಜಗಲಿ.
ಹೆಚ್ಚಿನ ಒಂದು ಕಿಲೋ ಇನ್ನೂರನ್ನು ಹೊರುವುದು
ಐವತ್ತೊಂದರ ಮಂಡಿ; ಅದನ್ನೂ ಕೇಳಬೇಕಿತ್ತು,
ಕೇಳಲಿಲ್ಲ.
ಮೇಲೆ ಅಂಗೈಯಗಲದ ಕಿಂಡಿ. ತೆರೆದಿಟ್ಟೆ.
ಚಳಿ ಬಂತು, ಬರಲಿ.
ಸುತ್ತ ಎಂಟು ಸಾವಿರ ಮೂಟೆ
ಸದ್ದಿಲ್ಲದೆ ಕಣ್ಣು ಬಿಡುವ ಹೊತ್ತು ಕಾಯುತ್ತಿದ್ದವು.

ಬೆಳಿಗ್ಗೆ ಹಸಿರನ್ನು ಮಡಚಿ ಕೊರಿಯರಿನ ಡಬ್ಬಕ್ಕೆ ತುಂಬುವಾಗ
ದ್ಯಾವಮ್ಮ ತಲೆಯ ಗೋಣಿ ತೆಗೆದಿಟ್ಟು
ಕಿತ್ತಳೆಯೊಳಗೆ ತೆವಳಿದಳು.
ಕಾಲು ಚಾಚಿದಳು, ಬಳೆಯ ಸದ್ದು.
"ಒಬ್ಬರಿಗೆ ಸರಿಯಾಗದೆ ಕಣಮ್ಮ."
ಒಳಗಿನಿಂದಲೇ ಜಿಪ್ಪು ಎಳೆದುಕೊಂಡಳು.

ಗೇಟಿನಲ್ಲಿ ಲಾರಿ ಹಾರನ್ನು ಹೊಡೆಯಿತು.
ಚೌರಪ್ಪ ಎರಡು ಸಲ ಕೂಗಿದ.
ಕಿಂಡಿಯಿಂದ ತೆಳ್ಳಗೆ ಆವಿ,
ಹೊರಗೆ ಬರುವವರು ಯಾರೂ ಇಲ್ಲ.